ಎಂಟು ತಿಂಗಳ ಮಗು, ಬೆಂಗಳೂರಿಂದ ಶಿಕಾಗೋ, ಜೊತೆಗೆ ಯಾರೂ ಇಲ್ಲ: ದಾರಿಯಲ್ಲಿ ಹಾಲು, ಊಟ ಹೇಗೆ?

ಕುವೆಂಪುನಗರದ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮಗಳನ್ನು ಕರೆದುಕೊಂಡು ಶಿಕಾಗೋಗೆ ಹೊರಟಿದ್ದೇನೆ. ಅಷ್ಟೊತ್ತಿಗೆ ಅವಳಿಗೆ ಎಂಟು ತಿಂಗಳು ತುಂಬಿರುತ್ತದೆ. ಯಜಮಾನರು ಅಲ್ಲೇ ಇದ್ದಾರೆ, ಬಂದು ಕರೆದುಕೊಂಡು ಹೋಗುವಷ್ಟು ರಜೆ ಇಲ್ಲ. ಅಮ್ಮನ ವೀಸಾ ಇನ್ನೂ ಬಂದಿಲ್ಲ. ಹಾಗಾಗಿ ನಾನು, ಮಗು, ಇಬ್ಬರೇ. ಬೆಂಗಳೂರಿಂದ ಫ್ರಾಂಕ್‌ಫರ್ಟಿಗೆ ಸುಮಾರು ಹತ್ತು ಗಂಟೆ, ಅಲ್ಲಿ ಮೂರೂವರೆ ಗಂಟೆ ಕಾಯಬೇಕು, ಮತ್ತೆ ಶಿಕಾಗೋಗೆ ಒಂಬತ್ತು ಗಂಟೆ. ಮೈಸೂರಿನ ಮನೆಯಿಂದ ಲೆಕ್ಕ ಹಾಕಿದರೆ ಒಂದು ದಿನ ದಾಟುತ್ತದೆ.

ಅವಳಿಗೆ ಮುಖ್ಯವಾಗಿ ಎದೆಹಾಲು. ಬೆಳಿಗ್ಗೆ, ಸಂಜೆ ರಾಗಿ ಸರಿ. ಮಧ್ಯಾಹ್ನ ಮೆತ್ತಗೆ ಹಿಸುಕಿದ ಅನ್ನ-ಬೇಳೆ. ಬಾಟಲಿಯಲ್ಲಿ ಡಬ್ಬಿ ಹಾಲು ಕೊಟ್ಟರೆ ಮನಸ್ಸಿದ್ದಾಗ ಕುಡಿಯುತ್ತಾಳೆ, ಇಲ್ಲದಿದ್ದರೆ ನಾಲಿಗೆಯಿಂದ ದೂಡಿಬಿಡುತ್ತಾಳೆ.

ರಾಗಿ ಸರಿ ವಿಮಾನದಲ್ಲಿ ಹೇಗೆ ಮಾಡಿಕೊಡೋದು? ಮಾಡಿದ್ದನ್ನೇ ಡಬ್ಬಿಯಲ್ಲಿ ಒಯ್ದರೆ ಕೆಡುವುದಿಲ್ವಾ? ನೂರು ಎಂಎಲ್ ಗಿಂತ ಜಾಸ್ತಿ ಇದ್ದರೆ ಚೆಕಿಂಗ್‌ನಲ್ಲಿ ಎಸೆದುಬಿಡುತ್ತಾರಾ? ಕಿವಿ ನೋವಿಗೆ ಹಾಲು ಕುಡಿಸುತ್ತಾ ಇರಬೇಕು ಅಂತಾರೆ, ಆದರೆ ಅಷ್ಟು ಹೊತ್ತು ಕುಡಿಸೋಕೆ ಆಗುತ್ತಾ? ಇನ್ನೊಂದು ವಿಷಯ. ನಮ್ಮ ಅತ್ತೆ ಹೊರಡುವ ಮುಂಚೆ ಸ್ವಲ್ಪ ಜಾಯಿಕಾಯಿ ತೇಯ್ದು ನೆಕ್ಕಿಸು, ನಿದ್ದೆ ಮಾಡ್ತಾಳೆ ಅಂತಾರೆ. ಪಕ್ಕದ ಮನೆಯವರು ನೆಗಡಿ ಸಿರಪ್ ಹೇಳಿದ್ದಾರೆ. ಯಾರಿಗಾದರೂ ಅನುಭವ ಇದ್ದರೆ ದಯವಿಟ್ಟು ಹೇಳಿ.

ಹಾಸನದಿಂದ ಓಹಾಯೊ:

ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರೋಕೆ ಆಗಲಿಲ್ಲ. ನನ್ನ ಇಬ್ಬರು ಮಕ್ಕಳನ್ನೂ ಕೂಸಿದ್ದಾಗಲೇ ಹೀಗೆ ಒಬ್ಬಳೇ ಕರೆದುಕೊಂಡು ಓಡಾಡಿದ್ದೇನೆ. ಉದ್ದವಾಗಿಯೇ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ರಾಗಿ ಸರಿ. ಸರಿ ಹಿಟ್ಟಿಗೆ ಒಲೆ ಬೇಕೇ ಬೇಕು. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟು ಹಸಿ ಹಿಟ್ಟು. ಫ್ಲಾಸ್ಕಿನ ಬಿಸಿನೀರು ಸುರಿದು ಕಲಸಿದರೆ ಗಟ್ಟಿಯಾದ ಹಾಗೆ ಕಾಣುತ್ತದೆ, ಆದರೆ ಬೆಂದಿರುವುದಿಲ್ಲ. ಅಂಥದ್ದು ಮಗುವಿನ ಹೊಟ್ಟೆಗೆ ಹಿಡಿಸುವುದಿಲ್ಲ. ಮನೆಯಲ್ಲೇ ಮಾಡಿ ಒಯ್ಯೋಣ ಅಂದರೆ ಬೆಚ್ಚಗಿನ ರಾಗಿ ಸರಿ ಕೆಲವೇ ಗಂಟೆಯಲ್ಲಿ ಹುಳಿ ತಿರುಗುತ್ತದೆ. ಹಾಗಾಗಿ ದಾರಿಗೆ ಅದು ಬೇಡ.

ಅದರ ಬದಲು ರಾಗಿ ಹುರಿಹಿಟ್ಟು ಒಯ್ಯಿರಿ. ರಾಗಿಯನ್ನು ಅರಳಿಸಿ ಬೀಸಿದ ಹಿಟ್ಟು ಅದು, ನಿಮಗೆ ಗೊತ್ತೇ ಇರುತ್ತದೆ. ಅರಳಿದಾಗಲೇ ಬೆಂದಿರುತ್ತದೆ, ಒಲೆ ಬೇಕಿಲ್ಲ. ನಮ್ಮ ಅಮ್ಮ ಅದನ್ನು ತೆಳು ಬಟ್ಟೆಯಲ್ಲಿ ಜಾಲಿಸಿ ಕೊಟ್ಟಿದ್ದರು. ಜರಡಿಯಲ್ಲಿ ಹಿಡಿದರೆ ಸಾಲದು, ಸಣ್ಣ ತರಿ ಉಳಿದುಬಿಡುತ್ತದೆ, ಮಗುವಿನ ಗಂಟಲಿಗೆ ಸಿಕ್ಕಿ ಕೆಮ್ಮು ಬರುತ್ತದೆ. ಒಂದು ಊಟಕ್ಕೆ ಒಂದು ಜಿಪ್ ಕವರ್ ಅಂತ ಎರಡೆರಡು ಚಮಚ ಹಾಕಿಡಿ. ಕಲಸುವಾಗ ಬಟ್ಟಲಿಗೆ ಮೊದಲು ಸ್ವಲ್ಪ ಬೆಚ್ಚಗಿನ ನೀರು, ಆಮೇಲೆ ಹಿಟ್ಟು. ಉಲ್ಟಾ ಮಾಡಿದರೆ ತಳದಲ್ಲಿ ಗಂಟು ಕಟ್ಟುತ್ತದೆ, ಆ ಪುಟ್ಟ ಟ್ರೇ ಮೇಲೆ ಮಗುವನ್ನು ತೊಡೆಯಲ್ಲಿ ಇಟ್ಟುಕೊಂಡು ಗಂಟು ಒಡೆಯುತ್ತಾ ಕೂರೋಕೆ ಆಗುವುದಿಲ್ಲ. ಚಮಚದಿಂದ ಜಾರಿ ಬೀಳುವಷ್ಟು ತೆಳ್ಳಗಿರಲಿ. ಎರಡು ನಿಮಿಷ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ, ಆಗ ಇನ್ನಷ್ಟು ನೀರು ಹಾಕಿ. ಬೆಲ್ಲ, ಸಕ್ಕರೆ, ಉಪ್ಪು ಏನೂ ಬೇಡ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ಬಾಯಿಗೇ ಹಾಕಬಾರದು. ಅವಲಕ್ಕಿಯನ್ನು ಬೆಚ್ಚಗೆ ಮಾಡಿ ನುಣ್ಣಗೆ ಪುಡಿ ಮಾಡಿದರೆ ಅದೂ ಇದೇ ಥರ ಆಗುತ್ತದೆ. ಎರಡನ್ನೂ ಮನೆಯಲ್ಲಿ ಈಗಿಂದಲೇ ರೂಢಿ ಮಾಡಿಸಿ. ವಿಮಾನದಲ್ಲಿ ಮೊದಲ ಸಲ ಯಾವ ಊಟವನ್ನೂ ಕೊಡಬೇಡಿ.

ಮಗುವಿನ ಊಟ ಬೇಕು ಅಂತ ಟಿಕೆಟ್ ಬುಕ್ ಮಾಡಿದವರಿಗೆ ಮುಂಚೆಯೇ ಹೇಳಿದರೆ ಹಾಕಿಕೊಡುತ್ತಾರೆ, ಅದರ ಕೋಡ್ ಬಿಬಿಎಂಎಲ್. ಹೇಳಿಡಿ, ಆದರೆ ಅದನ್ನೇ ನಂಬಿಕೊಂಡು ಹೋಗಬೇಡಿ. ನನಗೆ ಒಂದು ಸಲ ಬಂದಿದ್ದು ಎರಡು ಬಾಟಲಿ ಸೇಬಿನ ಹಿಸುಕು. ಇನ್ನೊಂದು ಸಲ ಬರಲೇ ಇಲ್ಲ. ಮಗುವಿನ ಊಟದ ವಿಷಯದಲ್ಲಿ ಕೈಚೀಲದಲ್ಲಿ ಇರುವುದಷ್ಟೇ ನಮ್ಮದು. ಪ್ರಯಾಣದ ಲೆಕ್ಕಕ್ಕಿಂತ ಒಂದು ಅರ್ಧ ದಿನದ್ದು ಜಾಸ್ತಿ ಇಟ್ಟುಕೊಳ್ಳಿ. ವಿಮಾನ ತಡವಾಗುವುದು, ಫ್ರಾಂಕ್‌ಫರ್ಟಿನಲ್ಲಿ ಮುಂದಿನದು ತಪ್ಪುವುದು, ಎಲ್ಲಾ ಆಗುತ್ತಿರುತ್ತದೆ.

ಚೆಕಿಂಗ್ ಬಗ್ಗೆ ಹೆದರಬೇಡಿ. ಮಗುವಿನ ಹಾಲು, ಊಟಕ್ಕೆ ನೂರು ಎಂಎಲ್ ಮಿತಿ ಇಲ್ಲ. ಭಾರತದಲ್ಲೂ ಇಲ್ಲ, ಯುರೋಪಿನಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ದಾರಿಗೆ ಬೇಕಾದಷ್ಟು ಒಯ್ಯಬಹುದು. ಆದರೆ ಬ್ಯಾಗಿನಿಂದ ಬೇರೆ ತೆಗೆದು ಟ್ರೇಯಲ್ಲಿ ಇಟ್ಟು, ಇದು ಮಗುವಿನದು ಅಂತ ನೀವೇ ಮೊದಲು ಹೇಳಬೇಕು. ಫ್ರಾಂಕ್‌ಫರ್ಟಿನಲ್ಲಿ ಮತ್ತೆ ಚೆಕಿಂಗ್ ಇದ್ದರೆ ಬಾಟಲಿ ತೆಗೆಸಿ ಪರೀಕ್ಷೆ ಮಾಡಬಹುದು, ಅದಕ್ಕೂ ಹೊತ್ತು ಬಿಟ್ಟುಕೊಳ್ಳಿ. ಅಮೆರಿಕದಲ್ಲಿ ಇಳಿಯುವಾಗ ಮಾತ್ರ ತಿನ್ನುವ ವಸ್ತು ಏನಿದ್ದರೂ ಇದೆ ಅಂತಲೇ ಹೇಳಿ. ಮಗುವಿಗೆ ಅಂತ ಇಟ್ಟುಕೊಂಡ ಬಾಳೆಹಣ್ಣು ಉಳಿದಿದ್ದರೆ ವಿಮಾನದಲ್ಲೇ ಮುಗಿಸಿ ಅಥವಾ ಬಿಟ್ಟುಬಿಡಿ. ತಾಜಾ ಹಣ್ಣು ಒಳಗೆ ಬಿಡುವುದಿಲ್ಲ.

ಈಗ ಕಿವಿ. ವಿಮಾನ ಏರುವಾಗಲೂ ಇಳಿಯುವಾಗಲೂ ಒಳಗಿನ ಗಾಳಿಯ ಒತ್ತಡ ಬದಲಾಗುತ್ತದೆ. ನಾವು ಎಂಜಲು ನುಂಗಿ ಕಿವಿ ಬಿಡಿಸಿಕೊಳ್ಳುತ್ತೇವೆ, ಕೂಸಿಗೆ ಗೊತ್ತಾಗುವುದಿಲ್ಲ. ಚೀಪುವಾಗ, ನುಂಗುವಾಗ ತಾನಾಗಿಯೇ ಬಿಡುತ್ತದೆ. ಏರುವಾಗಿನದಕ್ಕಿಂತ ಇಳಿಯುವಾಗಲೇ ನೋವು ಜಾಸ್ತಿ. ಎಷ್ಟೋ ಜನ ಸೀಟಲ್ಲಿ ಕೂತ ಕೂಡಲೇ ಹಾಲು ಕೊಡಲು ಶುರು ಮಾಡುತ್ತಾರೆ. ವಿಮಾನ ನೆಲದ ಮೇಲೇ ಅರ್ಧ ಗಂಟೆ ತೆವಳುತ್ತದೆ, ಅಷ್ಟರಲ್ಲಿ ಮಗು ಹೊಟ್ಟೆ ತುಂಬಿ ಬಾಯಿ ಬಿಟ್ಟಿರುತ್ತದೆ. ರನ್‌ವೇ ಮೇಲೆ ಎಂಜಿನ್ ಜೋರಾಗಿ ಕೂಗುವವರೆಗೆ ಕಾಯಿರಿ, ಆಗ ಕೊಡಿ. ನಿದ್ದೆ ಮಾಡುತ್ತಿದ್ದರೆ ಏರುವಾಗ ಎಬ್ಬಿಸಬೇಡಿ. ಇಳಿಯುವ ಹೊತ್ತಿಗೆ ಮಾತ್ರ ಹಸಿವು ಉಳಿಸಿಕೊಂಡಿರಬೇಕು. ಇಳಿಯಲು ಸುಮಾರು ಅರ್ಧ ಗಂಟೆ ಮುಂಚೆ ಎಂಜಿನ್ ಶಬ್ದ ತಗ್ಗುತ್ತದೆ, ಸಿಬ್ಬಂದಿ ಕಪ್ಪು, ಹೆಡ್‌ಫೋನ್ ವಾಪಸ್ ತೆಗೆದುಕೊಳ್ಳಲು ಬರುತ್ತಾರೆ. ಅದೇ ಗುರುತು. ಒಂದೇ ಸಮ ಕುಡಿಸಬೇಕಿಲ್ಲ. ನಾಲ್ಕು ಗುಟುಕು, ಸ್ವಲ್ಪ ಬಿಟ್ಟು ಮತ್ತೆ ನಾಲ್ಕು ಗುಟುಕು. ಅವಳಿಗೆ ಆರು ತಿಂಗಳು ದಾಟಿರುವುದರಿಂದ ಒಂದೆರಡು ಚಮಚ ನೀರಾದರೂ ಆಗುತ್ತದೆ. ಮನೆಯಲ್ಲಿ ಒಳಲೆ ಇದ್ದರೆ ಹಾಕಿಕೊಳ್ಳಿ, ನನ್ನ ಎರಡನೆಯವನಿಗೆ ಬಾಟಲಿ ಬೇಡ ಅಂದಾಗಲೆಲ್ಲ ಬೆಳ್ಳಿ ಒಳಲೆಯೇ ಆಧಾರ.

ಹತ್ತಕ್ಕೆ ಹಾಲು, ಹನ್ನೆರಡಕ್ಕೆ ಹಾಲು ಅಂತ ಚೀಟಿ ಬರೆದುಕೊಂಡು ಹೋಗಬೇಡಿ. ಯಾವ ದೇಶದ ಗಡಿಯಾರ ಅಂತ ನೋಡ್ತೀರಿ ಹೇಳಿ? ಅವಳು ಕೇಳಿದಾಗ ಕೊಡಿ. ವಿಮಾನದ ಗಾಳಿ ತುಂಬಾ ಒಣ, ಮಾಮೂಲಿಗಿಂತ ಜಾಸ್ತಿ ಸಲ ಕೇಳುತ್ತಾಳೆ. ಮೇಲೆ ಒತ್ತಡ ಕಡಿಮೆ ಇರುವುದರಿಂದ ಹೊಟ್ಟೆಯ ಗಾಳಿ ಹಿಗ್ಗುತ್ತದೆ. ಅದಕ್ಕೇ ಪ್ರತಿ ಸಲ ಕುಡಿದಾದ ಮೇಲೆ ಹೆಗಲ ಮೇಲೆ ಹಾಕಿಕೊಂಡು ಚೆನ್ನಾಗಿ ತೇಗಿಸಿ, ಅರ್ಧ ನಿದ್ದೆಯಲ್ಲಿದ್ದರೂ ಸರಿ. ಸ್ಟ್ರಾ ಇರುವ ಸಿಪ್ಪರ್, ಬಾಟಲಿ ಕೂಡ ಮೇಲೆ ಹೋದ ಮೇಲೆ ಮುಚ್ಚಳ ತೆಗೆದರೆ ಚಿಮ್ಮುತ್ತವೆ. ಮೊದಲು ಮುಚ್ಚಳದ ತಿರುಗಣೆ ಸ್ವಲ್ಪ ಸಡಿಲ ಮಾಡಿ ಗಾಳಿ ಬಿಡಿ. ಬಿಸಿನೀರಿನ ಫ್ಲಾಸ್ಕನ್ನಂತೂ ಮಗು ತೊಡೆಯಲ್ಲಿದ್ದಾಗ ತೆರೆಯಲೇಬೇಡಿ.

ಸೀಟಿನ ವಿಷಯ ಹೇಳದಿದ್ದರೆ ಇದೆಲ್ಲಾ ಅರ್ಧ ಆಗುತ್ತದೆ. ತೊಟ್ಟಿಲು ಹಾಕುವ ಮುಂದಿನ ಸಾಲು ಸಿಕ್ಕರೆ ತೆಗೆದುಕೊಳ್ಳಿ. ಮಗುವಿನ ತೂಕದ ಮಿತಿ ಒಂದೊಂದು ಏರ್‌ಲೈನ್ಸಿಗೆ ಒಂದೊಂದು ಥರ, ಫೋನ್ ಮಾಡಿ ಕೇಳಿ. ಆ ಸಾಲಿನಲ್ಲಿ ಎರಡು ಸಂಗತಿ ಮುಂಚೆ ಗೊತ್ತಿರಲಿ. ಒಂದು, ಊಟದ ಟ್ರೇ ಕೈ ಇಡುವ ಹಿಡಿಯೊಳಗೇ ಇರುತ್ತದೆ, ಹಾಗಾಗಿ ಆ ಹಿಡಿ ಮೇಲೇಳುವುದಿಲ್ಲ. ಮಗುವನ್ನು ಅಡ್ಡ ಮಲಗಿಸಿ ಹಾಲು ಕೊಡುವಾಗ ತಲೆಗೆ ತಾಗುತ್ತದೆ, ಒಂದು ಶಾಲು ಮಡಚಿ ಇಡಿ. ಎರಡು, ಮುಂದೆ ಸೀಟು ಇಲ್ಲದ ಕಾರಣ ಏರುವಾಗ, ಇಳಿಯುವಾಗ ಕಾಲ ಬಳಿ ಬ್ಯಾಗ್ ಇಡೋಕೆ ಬಿಡುವುದಿಲ್ಲ, ಎಲ್ಲಾ ಮೇಲೆ ಹಾಕಬೇಕು. ಹಾಲು ಬೇಕಾಗುವುದೇ ಆ ಹೊತ್ತಿಗೆ! ಅದಕ್ಕೆ ಒಂದು ಪುಟ್ಟ ಚೀಲದಲ್ಲಿ ಬಾಟಲಿ, ಒಳಲೆ, ಬಾಯಿ ಒರೆಸುವ ಬಟ್ಟೆ ಇಷ್ಟನ್ನೇ ಹಾಕಿ ಹೆಗಲಿಗೆ ಅಡ್ಡಲಾಗಿ ನೇತು ಹಾಕಿಕೊಂಡಿರಿ, ಅದನ್ನೂ ಮೇಲೆ ಇಡಿ ಅಂದರೆ ಅದರೊಳಗಿನದನ್ನು ಮಡಿಲಲ್ಲಿ ಇಟ್ಟುಕೊಳ್ಳಿ. ಆಚೆ ಈಚೆ ಅಲುಗಾಡಿ ಬೆಲ್ಟ್ ದೀಪ ಹತ್ತಿದರೆ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಳ್ಳಲೇಬೇಕು, ನಿದ್ದೆ ಬಂದಿದ್ದರೂ. ಆಗ ಎದ್ದು ಅಳುತ್ತದೆ, ಎದೆಗೆ ಹಾಕಿಕೊಂಡರೆ ಮತ್ತೆ ಮಲಗುತ್ತದೆ.

ಡಬ್ಬಿ ಹಾಲಿನ ಅಮ್ಮ:

ನಮ್ಮದು ಪೂರ್ತಿ ಪೌಡರ್ ಹಾಲು, ಹಾಗಾಗಿ ಅದರದ್ದಷ್ಟೇ ಹೇಳುತ್ತೇನೆ. ನೀರು ಮನೆಯಿಂದಲೇ ಕುದಿಸಿ ಒಳ್ಳೆಯ ಸ್ಟೀಲ್ ಫ್ಲಾಸ್ಕಿನಲ್ಲಿ ತುಂಬಿ. ಪುಡಿ ಕಲಸುವ ನೀರು ಕನಿಷ್ಠ 70 ಡಿಗ್ರಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಪುಡಿಯಲ್ಲೇ ಇರಬಹುದಾದ ಸೂಕ್ಷ್ಮಾಣು ಸಾಯಲಿ ಅಂತ. ಯಾವ ಫ್ಲಾಸ್ಕೂ ಶಿಕಾಗೋವರೆಗೆ ಅಷ್ಟು ಬಿಸಿ ಹಿಡಿಯುವುದಿಲ್ಲ. ಫ್ರಾಂಕ್‌ಫರ್ಟಿನಲ್ಲಿ ಯಾವುದಾದರೂ ಕಾಫಿ ಅಂಗಡಿಯಲ್ಲಿ ಕುದಿಯುವ ನೀರು ಕೇಳಿ ಮತ್ತೆ ತುಂಬಿಸಿ. ಕಲಸಿದ ಮೇಲೆ ಆರಿಸಿ, ಮಣಿಕಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ.

ಕಲಸಿದ ಹಾಲು ಹೊರಗೆ ಎರಡು ಗಂಟೆ ಮಾತ್ರ. ಮಗು ಬಾಯಿ ಹಾಕಿದ ಮೇಲೆ ಒಂದೇ ಗಂಟೆ. ಉಳಿದದ್ದು ಚೆಲ್ಲಲೇಬೇಕು, ಪುಡಿ ದುಬಾರಿ ಅಂತ ನೋಡಬೇಡಿ. ತೊಳೆದು ಕುದಿಸಿದ ಬಾಟಲಿಗಳನ್ನು ಸಾಧ್ಯವಾದಷ್ಟು ಜಾಸ್ತಿ ಒಯ್ಯಿರಿ. ವಿಮಾನದ ಶೌಚಾಲಯದ ಸಿಂಕಿನಲ್ಲಿ ಬಾಟಲಿ ತೊಳೆಯುವ ಯೋಚನೆಯೇ ಬೇಡ.

ಮಂಗಳೂರಿನ ಸಿಸ್ಟರ್:

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಜಾಯಿಕಾಯಿ ಮತ್ತೆ ಸಿರಪ್ ಅಂತ ಓದಿದ ಕೂಡಲೇ ಬರೆಯಬೇಕು ಅನ್ನಿಸಿತು ಮಾರಾಯ್ತಿ. ಎರಡೂ ಬೇಡ. ಖಂಡಿತ ಬೇಡ.

ಎಷ್ಟೋ ನೆಗಡಿ ಸಿರಪ್‌ಗಳಲ್ಲಿ ನಿದ್ದೆ ಬರಿಸುವ ಔಷಧ ಇರುತ್ತದೆ. ಅಂಥದ್ದರಲ್ಲಿ ಒಂದು ಪ್ರೊಮೆಥಝೀನ್. ಅದನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಕಾರಣ, ಕೂಸಿನ ಉಸಿರಾಟವೇ ನಿಧಾನವಾಗಿ ನಿಂತುಹೋಗಬಹುದು. ಆಕಾಶದಲ್ಲಿ ಹಾಗಾದರೆ ಯಾರನ್ನು ಕರೆಯುವುದು? ವಿಮಾನದೊಳಗೆ ಆಮ್ಲಜನಕ ನೆಲದ ಮೇಲಿನಷ್ಟು ಇರುವುದಿಲ್ಲ ಬೇರೆ. ಆರೋಗ್ಯವಾಗಿರುವ ಮಗುವಿಗೆ ಅದರಿಂದ ತೊಂದರೆ ಇಲ್ಲ, ಆದರೆ ಔಷಧಿಯ ಮಂಪರಿನಲ್ಲಿರುವ ಮಗುವಿನ ಕಥೆ ಬೇರೆ.

ಜಾಯಿಕಾಯಿ ನಮ್ಮ ಅಜ್ಜಿಯಂದಿರು ತೇಯುತ್ತಿದ್ದದ್ದು ನನಗೂ ಗೊತ್ತುಂಟು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದು ಹೆಚ್ಚಾದರೆ ವಿಷ. ಕಲ್ಲಿನ ಮೇಲೆ ಎಷ್ಟು ತೇಯ್ದಿತು ಅಂತ ಅಳೆಯುವುದು ಹೇಗೆ? ಅತ್ತೆಯವರಿಗೆ ಡಾಕ್ಟರು ಬೇಡ ಅಂದರು ಅಂತ ಹೇಳಿ. ಹೊರಡುವ ವಾರದಲ್ಲಿ ಹೇಗೂ ಮಕ್ಕಳ ಡಾಕ್ಟರಿಗೆ ತೋರಿಸಿ. ನೆಗಡಿ, ಕಿವಿ ಸೋರುವುದು ಇದ್ದರೆ ಆಗಲೇ ಗೊತ್ತಾಗುತ್ತದೆ. ಜ್ವರದ ಔಷಧಿಯ ಪ್ರಮಾಣವನ್ನು ಅವಳ ತೂಕಕ್ಕೆ ಸರಿಯಾಗಿ ಬರೆಸಿಕೊಳ್ಳಿ.

ಹಾಲು ಸಾಕಾಗುತ್ತಿದೆಯಾ ಅಂತ ತಿಳಿಯಲು ಡಯಾಪರ್ ನೋಡಿ. ಆರೇಳು ಗಂಟೆಯಾದರೂ ಒದ್ದೆ ಆಗದಿದ್ದರೆ, ತುಟಿ ಒಣಗಿದರೆ, ಹಾಲು ಇನ್ನೂ ಜಾಸ್ತಿ ಸಲ ಕೊಡಿ. ಇದನ್ನು ಓದುವ ಬೇರೆ ಅಮ್ಮಂದಿರಿಗೂ ಒಂದು ಮಾತು. ಆರು ತಿಂಗಳ ಒಳಗಿನ ಕೂಸಿಗೆ ವಿಮಾನದಲ್ಲಿ ಗಾಳಿ ಒಣ ಅಂತ ನೀರು ಕುಡಿಸಬೇಡಿ. ಹಾಲಿನಲ್ಲಿರುವ ನೀರೇ ಸಾಕು.

ಧಾರವಾಡದ ಅಜ್ಜಿ:

ತಂಗಿ, ಎಲ್ಲರೂ ಕೂಸಿನ ಊಟ ಹೇಳ್ತಿದ್ದಾರೆ. ನಿನ್ನ ಊಟದ ವಿಚಾರ ಯಾರೂ ಮಾಡಲಿಲ್ಲ. ಎದೆಹಾಲು ಕುಡಿಸುವಾಕಿ ನೀನು, ನಿನಗೆ ಹಸಿವು, ನೀರಡಿಕೆ ಎರಡೂ ಜಾಸ್ತಿ. ಅವರು ಊಟ ತರುವ ಹೊತ್ತಿಗೇ ಕೂಸು ಅಳುತ್ತದೆ, ನಿನ್ನ ತಾಟು ತಣ್ಣಗಾಗುತ್ತದೆ. ಒಂದೇ ಕೈಯಲ್ಲಿ ತಿನ್ನುವಂಥದ್ದು ಕಟ್ಟಿಕೊಂಡು ಹೋಗು. ನನ್ನ ಮಗಳು ಹೊರಟಾಗ ಅಂಟಿನುಂಡಿ ಮಾಡಿ ಕೊಟ್ಟಿದ್ದೆ. ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಸಣ್ಣ ಸಣ್ಣದು ಕಟ್ಟಿದರೆ ಒಂದು ಬಾಯಿಗೆ ಒಂದು. ಚಪಾತಿಗೆ ತುಪ್ಪ, ಶೇಂಗಾ ಹಿಂಡಿ ಸವರಿ ಸುರುಳಿ ಮಾಡಿಕೊಂಡರೂ ಆಯಿತು. ಖಾಲಿ ನೀರಿನ ಬಾಟಲಿ ಒಯ್ದು ಒಳಗೆ ತುಂಬಿಸಿಕೊ. ಕೂಸು ಒಂದು ಸಲ ಕುಡಿದರೆ ನೀನೂ ಒಂದು ಲೋಟ ನೀರು ಕುಡಿ. ಅದನ್ನೇ ನೆನಪಿಟ್ಟುಕೊ.

ದಾವಣಗೆರೆ ಅಪ್ಪ:

ನಾನು ಅಪ್ಪ, ಆದರೂ ಹೇಳಬಹುದು ಅಂದುಕೊಂಡಿದ್ದೇನೆ. ಹೆಂಡತಿ ಕೆಲಸಕ್ಕೆ ಮುಂಚೆಯೇ ಹೋಗಬೇಕಾಗಿ ಬಂದು, ಮಗನನ್ನು ನಾನು ಕರೆದುಕೊಂಡು ಹೋಗಿದ್ದೆ. ಹಿಂಡಿ ತೆಗೆದಿಟ್ಟ ಎದೆಹಾಲನ್ನು ಐಸ್ ಪ್ಯಾಕ್ ಜೊತೆ ತಣ್ಣಗಿನ ಚೀಲದಲ್ಲಿ ಇಟ್ಟರೆ 24 ಗಂಟೆ ಇರುತ್ತದೆ. ಹೊರಗೆ ಮಾಮೂಲಿ ತಾಪಮಾನದಲ್ಲಾದರೆ ನಾಲ್ಕು ಗಂಟೆ. ಆದರೆ ಫ್ರೀಜ್ ಮಾಡಿದ್ದನ್ನು ಕರಗಿಸಿದ್ದಾದರೆ ಹೊರಗೆ ಎರಡೇ ಗಂಟೆ. ಇದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಲೆಕ್ಕ. ಐಸ್ ಪ್ಯಾಕ್ ಗಟ್ಟಿಯಾಗಿ ಹೆಪ್ಪುಗಟ್ಟಿರಬೇಕು, ಮೈಸೂರಿಂದ ಕಾರಿನಲ್ಲೇ ಮೂರ್ನಾಲ್ಕು ಗಂಟೆ ಹೋಗುತ್ತದೆ ಅನ್ನೋದು ಮರೆಯಬೇಡಿ.

ವಿಮಾನದ ಫ್ರಿಜ್ಜಿನಲ್ಲಿ ಇಡುತ್ತೀರಾ ಅಂತ ಕೇಳಿದೆ, ಆಗಲ್ಲ ಅಂದರು. ಅದಕ್ಕೆ ಐಸ್ ಬೇಕು ಅಂತ ಕೇಳಿ ಜಿಪ್ ಕವರಿನಲ್ಲಿ ತುಂಬಿಸಿಕೊಂಡು ಚೀಲಕ್ಕೆ ಹಾಕಿದೆ, ಐಸ್ ಸಂತೋಷದಿಂದ ಕೊಟ್ಟರು. ಹಾಲು ಬೆಚ್ಚಗೆ ಮಾಡಲು ಒಂದು ಲೋಟ ಬಿಸಿನೀರು ತರಿಸಿ ಅದರಲ್ಲಿ ಬಾಟಲಿ ಇಳಿಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಆ ಲೋಟ ಹಿಡಿದುಕೊಂಡಿದ್ದರು. ಕೇಳಿದರೆ ಜನ ಸಹಾಯ ಮಾಡುತ್ತಾರೆ ಅಕ್ಕ, ಮುಜುಗರ ಪಡಬೇಡಿ.

ಕುವೆಂಪುನಗರದ ಅಮ್ಮ:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಸಿಸ್ಟರ್ ಬರೆದಿದ್ದನ್ನು ಅತ್ತೆಗೆ ಓದಿ ಹೇಳಿದೆ, ಒಪ್ಪಿಕೊಂಡರು. ಹುರಿಹಿಟ್ಟಿಗೆ ರಾಗಿ ನೆನೆಸಲು ಅವರೇ ಹಾಕಿದ್ದಾರೆ. ಇನ್ನೊಂದೇ ಪ್ರಶ್ನೆ. ಪಕ್ಕದಲ್ಲಿ ಗಂಡಸರು ಕೂತಿದ್ದರೆ ಹಾಲು ಕೊಡುವುದು ಹೇಗೆ? ಅದೊಂದು ಯೋಚನೆ ತಲೆಯಿಂದ ಹೋಗುತ್ತಿಲ್ಲ. ಇಳಿದ ಮೇಲೆ ಊಟದ ಹೊತ್ತು ಎಲ್ಲಾ ಏರುಪೇರು ಆಗುತ್ತೆ ಅಂತಾರಲ್ಲ, ಅದಕ್ಕೇನು ಮಾಡ್ತೀರಿ?

ಹಾಸನದಿಂದ ಓಹಾಯೊ:

ಮುಂದೆ ಗುಂಡಿ ಇರುವ ಸಡಿಲ ಕುರ್ತಾ, ಅದರ ಮೇಲೆ ದೊಡ್ಡ ಕಾಟನ್ ದುಪಟ್ಟಾ. ಅಷ್ಟೇ ಸಾಕು. ಅಂಗಡಿಯಲ್ಲಿ ಮಾರುವ ಕುತ್ತಿಗೆಗೆ ಹಾಕುವ ಮುಸುಕು ಮಗುವಿಗೆ ಸೆಕೆ, ಕಿತ್ತು ಬಿಸಾಡುತ್ತದೆ. ಮನೆಯಲ್ಲಿ ದುಪಟ್ಟಾ ಹೊದ್ದು ಕೊಟ್ಟು ಅಭ್ಯಾಸ ಮಾಡಿಸಿ. ಕಿಟಕಿ ಪಕ್ಕದ ಸೀಟಾದರೆ ಕಿಟಕಿ ಕಡೆ ತಿರುಗಿಕೊಂಡರೆ ಯಾರಿಗೂ ಕಾಣುವುದಿಲ್ಲ. ಆದರೂ ಸಂಕೋಚ ಆದರೆ ಸಿಬ್ಬಂದಿಗೆ ಹೇಳಿ, ಹೆಂಗಸರ ಪಕ್ಕ ಸೀಟು ಬದಲಿಸಿ ಕೊಡುವುದುಂಟು. ಮಗುವಿಗೆ ಹಸಿವಾದಾಗ ಹಾಲು ಕೊಡುವುದಕ್ಕೆ ನೀವು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಶೌಚಾಲಯದೊಳಗೆ ಹೋಗಿ ಕೂತು ಕೊಡಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನಾವು ಕೂತು ಉಣ್ಣದ ಜಾಗದಲ್ಲಿ ಮಗುವಿಗೆ ಯಾಕೆ ಉಣಿಸಬೇಕು?

ಅವಳು ಸರಿಯಾಗಿ ಕುಡಿಯದೆ ಎದೆ ಗಟ್ಟಿಯಾಗಿ ನೋವು ಬಂದರೆ ಮಾತ್ರ ಕೈಯಲ್ಲೇ ಸ್ವಲ್ಪ ಹಿಂಡಿಬಿಡಿ, ಹಾಲು ಕಟ್ಟಿಕೊಂಡರೆ ಜ್ವರ ಬರುತ್ತದೆ. ಪಂಪ್ ಇದ್ದರೆ ಕೈಚೀಲದಲ್ಲಿ ಇಡಿ, ಅದರ ಪವರ್ ಬ್ಯಾಂಕ್ ಅನ್ನು ಸೂಟ್‌ಕೇಸಿಗೆ ಹಾಕೋಕೆ ಬಿಡುವುದಿಲ್ಲ.

ಇಳಿದ ಮೇಲೆ ಹೌದು, ಹಗಲು ರಾತ್ರಿ ಅದಲು ಬದಲು. ಶಿಕಾಗೋ ಬೇಸಿಗೆಯಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹನ್ನೊಂದೂವರೆ. ಮೊದಲ ಕೆಲವು ರಾತ್ರಿ ನಡುರಾತ್ರಿ ಎದ್ದು ಆಟಕ್ಕೂ ಊಟಕ್ಕೂ ಕೇಳುತ್ತಾಳೆ. ಎದೆಹಾಲು ಕೊಡಿ, ದೀಪ ಹಾಕಬೇಡಿ, ಮಾತಾಡಿಸಬೇಡಿ. ಗಟ್ಟಿ ಊಟವನ್ನು ಮಾತ್ರ ಅಲ್ಲಿನ ಬೆಳಗಿನ ಹೊತ್ತಿಗೆ, ಬೆಳಕು ಬರುವ ಕಡೆ ಕೂರಿಸಿ ತಿನ್ನಿಸಿ. ನನ್ನ ಮಕ್ಕಳು ಹಾಗೇ ದಾರಿಗೆ ಬಂದರು. ರಾಗಿ ಸರಿ ಹಿಟ್ಟನ್ನೆಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ. ಮೂರು ದಿನಕ್ಕಾಗುವಷ್ಟು ಕೈಚೀಲದಲ್ಲೇ ಇರಲಿ, ಲಗೇಜ್ ಒಂದೊಂದು ಸಲ ತಡವಾಗಿ ಬರುತ್ತದೆ. ತೊಟ್ಟಿಲಿನ ಸೀಟು ಬುಕ್ ಆಗಿದೆಯಾ ಅಂತ ನಾಳೆಯೇ ಫೋನ್ ಮಾಡಿ, ಎರಡು ವಿಮಾನಕ್ಕೂ ಬೇರೆ ಬೇರೆ ಕೇಳಬೇಕು.